ತಕ್ಕಡಿ, ಗಡಿಯಾರ, ಸೈಕಲ್ ಚಕ್ರ



ಸಂಶೋಧನೆ ಅಂದ ಕೂಡಲೇ ಗಾಜಿನ ನಳಿಗೆ, ಬಿಳಿ ಕೋಟು, ದೊಡ್ಡ ಯಂತ್ರಗಳೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಮನೆಯ ಇಂಧನ ಉಳಿಸಲು, ಓಡಾಟದ ಶ್ರಮ ಮತ್ತು ಖರ್ಚು ತಗ್ಗಿಸಲು ಬೇಕಾದ ಸಂಶೋಧನೆಗೆ ತಕ್ಕಡಿ, ಗಡಿಯಾರ, ಟೇಪು, ಒಂದು ನೋಟ್‌ಬುಕ್ಕು ಇದ್ದರೆ ಸಾಕು. ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲೇ ಇಂಥದ್ದು ನಡೆದಿದೆ.

ಪುರ ಗ್ರಾಮದ ಲೆಕ್ಕ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಗುರಿ. ಆ ತಂಡದವರು ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮುಂತಾದ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ತೆಗೆದರು. ದಿನಕ್ಕೆ ಎಷ್ಟು ಸೌದೆ ಉರಿಯುತ್ತೆ? ತರೋದು ಯಾರು? ಎಷ್ಟು ದೂರ ನಡೀತಾರೆ? ಎಷ್ಟು ಹೊತ್ತು ಹಿಡಿಯುತ್ತೆ?

ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸೌದೆಯದೇ ಆಗಿತ್ತು. ಕರೆಂಟು, ಸೀಮೆಎಣ್ಣೆ ಎರಡೂ ಸೇರಿದರೂ ಬಹಳ ಕಡಿಮೆ. ಸೌದೆ, ನೀರು, ಅಡುಗೆ, ಹೊಲ ಎಲ್ಲಕ್ಕೂ ಸುರಿದ ದುಡಿಮೆಯನ್ನು ಗಂಟೆಗಳಲ್ಲಿ ಕೂಡಿದಾಗ ಅರ್ಧಕ್ಕಿಂತ ಹೆಚ್ಚು ಹೆಂಗಸರದೇ ಆಗಿತ್ತು. ಮಕ್ಕಳ ಪಾಲೂ ಇತ್ತು. ಕರೆಂಟ್ ಬಿಲ್ಲು ನೋಡುವವರಿಗೆ ಈ ಲೆಕ್ಕ ಕಾಣುವುದೇ ಇಲ್ಲ.

ಇಂಥ ಅಧ್ಯಯನದ ಫಲವಾಗಿ ಅಸ್ತ್ರ ಒಲೆ ಬಂತು. ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡಲು ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ 100 ಪಾಲು ಶಾಖದಲ್ಲಿ ಪಾತ್ರೆಗೆ ಸೇರುವುದು 10ರ ಆಸುಪಾಸು; ಈ ಒಲೆಯಲ್ಲಿ ಅದು 30 ದಾಟುತ್ತದೆ. ಹೊಗೆ ಸೂರಿನಿಂದಾಚೆ ಹೋಗುವುದರಿಂದ ಅಡುಗೆ ಮಾಡುವವರ ಕಣ್ಣು, ಎದೆಗೂ ಹಿತ.

ಈಗ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ, ನಿಜ. ಆದರೆ ಹಂಡೆ ಒಲೆ ಇನ್ನೂ ಸೌದೆ, ತೆಂಗಿನ ಗರಿ, ಮಟ್ಟೆಯನ್ನೇ ನುಂಗುತ್ತದೆ. ಅದಕ್ಕೇ ಈ ಮೂರು ಪ್ರಯೋಗ ಮಾಡಿ ನೋಡಿ.

ಪ್ರಯೋಗ 1: ಒಲೆಯ ಪರೀಕ್ಷೆ (ದೊಡ್ಡವರ ಜೊತೆಯಲ್ಲಿ)

5 ಲೀಟರ್ ತಣ್ಣೀರನ್ನು ಒಲೆ ಮೇಲಿಡಿ. ಒಣ ಸೌದೆಯನ್ನು ಮೊದಲೇ ತೂಕ ಮಾಡಿ. ನೀರು ಕುದಿಯಲು ಶುರುವಾದ ಕೂಡಲೇ ಉರಿ ಆರಿಸಿ, ಉಳಿದ ಸೌದೆಯನ್ನು ತಣ್ಣಗಾದ ಮೇಲೆ ಮತ್ತೆ ತೂಗಿ.

1 ಲೀಟರ್ ನೀರು 1 ಡಿಗ್ರಿ ಬಿಸಿಯಾಗಲು 1 ಕಿಲೋಕ್ಯಾಲೊರಿ ಬೇಕು. 25 ಡಿಗ್ರಿಯಿಂದ 100ಕ್ಕೆ ಏರಲು 5 × 75 = 375. ಒಣಗಿದ 1 ಕಿಲೋ ಸೌದೆಯಲ್ಲಿ ಸುಮಾರು 3,750 ಕಿಲೋಕ್ಯಾಲೊರಿ ಇದೆ ಎಂದಿಟ್ಟುಕೊಳ್ಳೋಣ. 1 ಕಿಲೋ ಸುಟ್ಟಿದ್ದರೆ ನಿಮ್ಮ ಒಲೆಗೆ 100ಕ್ಕೆ 10 ಅಂಕ! 400 ಗ್ರಾಂ ಸಾಕಾದರೆ 25 ಅಂಕ. ಇದು ಅಂದಾಜು ಲೆಕ್ಕ. ಆವಿಯಾದ ನೀರು, ಉಳಿದ ಇದ್ದಿಲನ್ನು ಬಿಟ್ಟಿದ್ದೇವೆ. ಆದರೆ ಎರಡು ಒಲೆಗಳನ್ನು ಹೋಲಿಸಲು ಸಾಕು. ಮುಚ್ಚಳ ಇಟ್ಟು ಒಮ್ಮೆ, ಇಡದೆ ಒಮ್ಮೆ ಮಾಡಿ ನೋಡಿ.

ಪ್ರಯೋಗ 2: ನಡಿಗೆಯ ಅಳತೆ

ಸೈಕಲ್ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಅಳೆಯಿರಿ. 2.2 ಮೀಟರ್ ಬಂದರೆ 455 ಸುತ್ತಿಗೆ 1 ಕಿಲೋಮೀಟರ್. ಕಡ್ಡಿಗೆ ಬಟ್ಟೆ ಚೂರು ಕಟ್ಟಿ ಎಣಿಸುತ್ತಾ ನೀರಿನ ಜಾಗ, ಹೊಲ, ಅಂಗಡಿಗೆ ತಳ್ಳಿಕೊಂಡು ಹೋಗಿ. ಆಮೇಲೆ 7 ದಿನ ಹೀಗೆ ಬರೆಯಿರಿ: ಯಾರು ಹೋದರು, ಎಲ್ಲಿಗೆ, ಯಾತಕ್ಕೆ, ಹೇಗೆ (ನಡಿಗೆ, ಸೈಕಲ್, ಬಸ್ಸು, ಬೈಕು), ಎಷ್ಟು ದೂರ, ಎಷ್ಟು ಹೊತ್ತು, ತಲೆ ಮೇಲೆ ಎಷ್ಟು ಹೊರೆ.

ಹೊಸದುರ್ಗಕ್ಕೆ ವಾರದಲ್ಲಿ ಮೂರು ಸಲ ಬೈಕಿನಲ್ಲಿ ಹೋಗುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆಯೇ ಎಂದು ಈ ಪಟ್ಟಿ ತೋರಿಸುತ್ತದೆ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತುಂಬಿದ ಬಸ್ಸಿನಲ್ಲಿ ಹೋದರೆ ತಲೆಗೆ ಬೀಳುವ ಪಾಲು ಕಡಿಮೆ. ಸೈಕಲ್ಲಿಗೆ ಪೆಟ್ರೋಲೇ ಬೇಡ.

ಪ್ರಯೋಗ 3: ಮೀಟರ್ ಓದುವುದು

1,000 ವ್ಯಾಟ್ 1 ಗಂಟೆ ಉರಿದರೆ 1 ಯೂನಿಟ್. 60 ವ್ಯಾಟಿನ ಹಳೇ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನಕ್ಕೆ 9 ಯೂನಿಟ್ ತಿನ್ನುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 1.35 ಯೂನಿಟ್ ಮಾತ್ರ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹಲವು ಮನೆಗಳಲ್ಲಿ ಬಿಲ್ಲು ಸೊನ್ನೆ. ಬಿಲ್ಲು ಸೊನ್ನೆಯಾದರೂ ಮೀಟರ್ ತಿರುಗುವುದು ನಿಲ್ಲುವುದಿಲ್ಲ. ಆದ್ದರಿಂದ ಪ್ರತಿದಿನ ಒಂದೇ ಹೊತ್ತಿನಲ್ಲಿ ಓದಿ ಬರೆದಿಡಿ.

ಪುರದಿಂದ ಇನ್ನೊಂದು ಪಾಠ

ಅಲ್ಲಿ ಊರಿಗೆಲ್ಲ ಗೋಬರ್ ಗ್ಯಾಸಿನಿಂದ ಅಡುಗೆ ಮಾಡಲು ಹೊರಟಾಗ ಗ್ಯಾಸು ಸಾಕಾಗಲಿಲ್ಲ. ಆಗ 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ, ಕುಡಿಯುವ ನೀರು ಎತ್ತಿ, ಮನೆಗಳಿಗೆ ದೀಪ ಕೊಟ್ಟರು. ಕೈಯಲ್ಲಿ ಎಷ್ಟಿದೆ, ಯಾವ ಕಷ್ಟ ಮೊದಲು ತೀರಬೇಕು ಎಂದು ತಿಳಿಯಲು ಲೆಕ್ಕ ಬೇಕೇ ಬೇಕು.

ಗೆಳೆಯ ಗೆಳತಿಯರೇ, 7 ದಿನದ ಪಟ್ಟಿ ಮುಗಿದ ಮೇಲೆ ಮನೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿ, ಇನ್ನೊಂದು ವಾರ ಅಳೆಯಿರಿ. ಉಳಿದದ್ದು ಬರೀ ಸೌದೆಯಲ್ಲ, ಅಮ್ಮನ ಅರ್ಧ ಗಂಟೆಯೂ ಹೌದು, ಅಕ್ಕತಂಗಿಯರು ಓದುವ ಹೊತ್ತೂ ಹೌದು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ನಿಮ್ಮ ಪಟ್ಟಿಗಳನ್ನು ವಿಜ್ಞಾನದ ಗುರುಗಳಿಗೆ ತೋರಿಸಿ. ಎಲ್ಲರದ್ದನ್ನೂ ಕೂಡಿದರೆ ಮಾಡದಕೆರೆಗೂ ಒಂದು ಲೆಕ್ಕವಾಗುತ್ತದೆ.