ಪಾದ ವಾಲುತ್ತಿದೆಯೇ? ಸೊಂಟದ ಬಲ ನೋಡಿ

ವುಝೂ ಮಾಡಿ ಒದ್ದೆ ಕಾಲನ್ನು ಒಣ ಶಹಾಬಾದ್ ಕಲ್ಲಿನ ಮೇಲೆ ಇಟ್ಟಾಗ ಮೂಡುವ ಗುರುತನ್ನು ಒಮ್ಮೆ ಗಮನಿಸಿ. ಒಳಬದಿಯಲ್ಲಿ ಸ್ವಲ್ಪ ಜಾಗ ಒಣಗಿಯೇ ಉಳಿದಿದ್ದರೆ ಪಾದದ ಕಮಾನು ಚೆನ್ನಾಗಿದೆ. ಇಡೀ ಅಂಗಾಲು ಅಚ್ಚೊತ್ತಿದ್ದರೆ ಪಾದ ಚಪ್ಪಟೆಯಾಗಿರಬಹುದು, ಇಲ್ಲವೇ ಒಳಕ್ಕೆ ವಾಲುತ್ತಿರಬಹುದು. ಚಿಕ್ಕ ಮಕ್ಕಳಲ್ಲಿ ಇದು ಸಹಜ. ನೋವಿಲ್ಲದ ದೊಡ್ಡವರೂ ಹೆದರಬೇಕಾಗಿಲ್ಲ. ಆದರೆ ಹಿಮ್ಮಡಿ ನೋವು, ಮಂಡಿ ನೋವು, ನಡೆಯುವಾಗ ತೂಗಾಟ ಇದ್ದರೆ ಅಂಗಾಲಿಗೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ.

ಸೊಂಟದ ಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು ಇದೆ. ಒಂದು ಕಾಲೆತ್ತಿದಾಗ ದೇಹ ಓಲದಂತೆ ಹಿಡಿಯುವುದು ಅದೇ. ಅದು ಸೋತರೆ ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ಬೀಳುತ್ತದೆ, ಭಾರವೆಲ್ಲ ಪಾದದ ಒಳಬದಿಗೆ ಬಂದು ಕಮಾನು ಕುಸಿಯುತ್ತದೆ. ಈ ಸ್ನಾಯು ಸೋತವರು ಒಂಟಿ ಕಾಲಿನಲ್ಲಿ ನಿಂತರೆ ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗಿಳಿಯುತ್ತದೆ ಎಂದು ಜರ್ಮನಿಯ ವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ತಿಳಿಸಿದ್ದರು. ವೈದ್ಯರು ಇಂದಿಗೂ ಆ ಪರೀಕ್ಷೆ ಮಾಡುತ್ತಾರೆ.

ನೀವೂ ಗೋಡೆಯ ಪಕ್ಕ ನಿಂತು 10 ಸೆಕೆಂಡ್ ಪ್ರಯತ್ನಿಸಿ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಹೀಗೆ ಪರೀಕ್ಷಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ನಿಲ್ಲಲು ಆಗಲಿಲ್ಲ. ಒಂದು ಕಾಲೆತ್ತಿ ತೊಳೆಯುವಾಗ ನಲ್ಲಿ ಹಿಡಿದುಕೊಳ್ಳುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಚೋರನೂರಿನಂತಹ ಊರಿನಲ್ಲಿ ಹೊಲದ ಹೆಂಟೆಯ ಮೇಲೂ ನಡೆಯಬೇಕು, ನುಣುಪು ಬಚ್ಚಲಿನಲ್ಲೂ ನಿಲ್ಲಬೇಕು. ಬಿದ್ದು ಸೊಂಟದ ಮೂಳೆ ಮುರಿದರೆ ಬಳ್ಳಾರಿಯ ದೊಡ್ಡ ಆಸ್ಪತ್ರೆಯವರೆಗೆ ಓಡಾಟ; ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ವ್ಯಾಯಾಮಕ್ಕೆ ಒಂದು ಚಾಪೆ ಸಾಕು. ಮಗ್ಗುಲಾಗಿ ಮಲಗಿ, ಎರಡೂ ಮಂಡಿ ಮಡಚಿ, ಹಿಮ್ಮಡಿಗಳನ್ನು ಒಂದಕ್ಕೊಂದು ಅಂಟಿಸಿಡಿ. ಈಗ ಮೇಲಿನ ಮಂಡಿಯನ್ನಷ್ಟೇ ಬಾಗಿಲು ತೆರೆದಂತೆ ಮೆಲ್ಲಗೆ ಎತ್ತಿ ಇಳಿಸಿ. ಸೊಂಟ ಹಿಂದಕ್ಕೆ ಉರುಳಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ: ಮಂಡಿ ಎತ್ತರಕ್ಕೆ ಹೋಗಲೆಂದು ಮೈಯನ್ನೇ ತಿರುಗಿಸುತ್ತಾರೆ, ಆಗ ಪಕ್ಕದ ಸ್ನಾಯುವಿಗೆ ಕೆಲಸವೇ ಇಲ್ಲ. ಸರಿಯಾಗಿ ಮಾಡಿದರೆ ಹತ್ತು ಸಲಕ್ಕೇ ಅಲ್ಲಿ ಉರಿ ತಿಳಿಯುತ್ತದೆ. ಒಂದೆರಡು ವಾರದ ಮೇಲೆ, ಅದೇ ಮಗ್ಗುಲಲ್ಲಿ ಮೇಲಿನ ಕಾಲನ್ನು ನೇರವಾಗಿಟ್ಟು ಒಂದು ಗೇಣು ಎತ್ತಿ ಇಳಿಸಿ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದೂ ಒಳ್ಳೆಯದೇ.

ಹಿರಿಯರಿಗೆ ಗಟ್ಟಿ ಕುರ್ಚಿ ಸುಲಭ. ಕೈ ಊರದೆ ಎದ್ದು ಕೂರಲಿ. ಏಳುವಾಗ ಮಂಡಿಗಳು ಒಂದಕ್ಕೊಂದು ತಾಗದೆ ಕಾಲ್ಬೆರಳಿನ ನೇರಕ್ಕೇ ಇರಲಿ. ಸುಜೂದ್‌ನಿಂದ ಏಳಲು ಬೇಕಾದ ಬಲವೂ ಇದರಿಂದಲೇ ಬರುತ್ತದೆ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ.

ಇದರಿಂದ ಹುಟ್ಟಿನಿಂದ ಚಪ್ಪಟೆಯಾದ ಪಾದದ ಮೂಳೆ ಬದಲಾಗದು. ಪಾದದ ಮೇಲೆ ಭಾರ ಬೀಳುವ ರೀತಿ ಸುಧಾರಿಸಬಹುದು. ಒಂದೇ ಪಾದ ಇತ್ತೀಚೆಗೆ ಕುಸಿದಿದ್ದರೆ ಅಥವಾ ಊದಿದ್ದರೆ, ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದ್ದರೆ, ಸೊಂಟದ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲು ವೈದ್ಯರನ್ನು ಕೇಳಿ, ಆಮೇಲೆ ಚಾಪೆ ಹಾಸಿ.