ಡಿಗ್ರಿ ಬರಲಿಲ್ಲ ಅಂದ ಮೇಲೆ

ಪ್ರಶ್ನೆ: ಕಲಘಟಗಿ ತಾಲ್ಲೂಕಿನ ಹಳ್ಳಿಯೊಂದರ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೇನೆ. ಲೆಕ್ಕ ಚೊಕ್ಕಟ, ಬಟವಾಡೆ ಒಂದು ವಾರವೂ ತಪ್ಪಿಲ್ಲ. ಈ ಮಳೆಗಾಲದಲ್ಲಿ ಹಿರಿಯ ಸದಸ್ಯೆಯೊಬ್ಬರ ಎಮ್ಮೆಯ ಹಾಲು ಸಾಲಾಗಿ ಎರಡು ದಿನ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರಲಿಲ್ಲ. ಸಾಲಿನಲ್ಲಿ ನಿಂತವರ ಎದುರೇ ‘ನೀರ ಹಾಕೀರೇನ್ರಿ?’ ಎಂದು ಕೇಳಿ ಹಾಲು ವಾಪಸ್ ಕೊಟ್ಟೆ. ಮರುದಿನದಿಂದ ಅವರು ಬರಲಿಲ್ಲ. ಅವರ ಓಣಿಯವರೂ ಒಬ್ಬೊಬ್ಬರಾಗಿ ಖಾಸಗಿಯವರಿಗೆ ಹಾಲು ಹಾಕುತ್ತಿದ್ದಾರೆ. ನಿಯಮದಂತೆ ನಡೆದವಳು ನಾನು. ಮೆತ್ತಗಾದರೆ ನಾಳೆ ಎಲ್ಲರೂ ನೀರು ಬೆರೆಸುವುದಿಲ್ಲವೆ?

ಉತ್ತರ: ಸೋದರಿ, ನಿಯಮ ಬಿಡಬೇಡಿ. ಒಂದು ಮನೆಯ ತೆಳು ಹಾಲು ಊರಿನ ಎಲ್ಲರ ಹಾಲಿನ ಜತೆ ಬೆರೆತರೆ ನಷ್ಟ ಎಲ್ಲರಿಗೂ. ಹಾಲು ವಾಪಸ್ ಕೊಡುವ ಅಧಿಕಾರ ನಿಮಗಿತ್ತು. ನಾಲ್ಕು ಜನರ ಮುಂದೆ ಆ ಪ್ರಶ್ನೆ ಕೇಳುವ ಅಧಿಕಾರ ಇರಲಿಲ್ಲ. ಓಣಿಯವರು ಸಂಘ ಬಿಟ್ಟಿದ್ದು ದರಕ್ಕಲ್ಲ ಎಂದೇ ನನಗನಿಸುತ್ತದೆ. ನಾಳೆ ಆ ಮಾತು ತಮಗೂ ಬರಬಹುದು ಎಂಬ ಅಳುಕಿಗೆ.

ಇಷ್ಟಕ್ಕೂ ಲ್ಯಾಕ್ಟೋಮೀಟರು ಹಾಲು ತೆಳುವಾಗಿದೆ ಎಂದಷ್ಟೇ ಹೇಳೀತು, ಯಾಕೆ ತೆಳುವಾಯಿತೆಂದು ಅದಕ್ಕೆ ಗೊತ್ತಿಲ್ಲ. ಕೆಚ್ಚಲುಬಾವು ಶುರುವಾದರೆ ಹಾಲಿನ ಸತ್ವ ಇಳಿಯುತ್ತದೆ. ಹಿಂಡಿ ಕೊಳ್ಳಲು ಕಾಸಿಲ್ಲದೆ ದನ ಅರೆಹೊಟ್ಟೆಯಲ್ಲಿದ್ದರೂ ಅಷ್ಟೆ. ಆ ಹಿರಿಯರು ನೀರು ಹಾಕಿಯೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅವರ ದನದ ಕೊಟ್ಟಿಗೆಯನ್ನು ನೀವು ನೋಡಿದ್ದೀರಾ? ನಿಮ್ಮ ಪತ್ರದಲ್ಲಿ ಬಟವಾಡೆಯಿದೆ, ಲೆಕ್ಕವಿದೆ, ಡಿಗ್ರಿಯಿದೆ. ಅವರ ಮನೆಯಲ್ಲಿ ಯಾರಿದ್ದಾರೆ, ಎಮ್ಮೆ ಕರುಹಾಕಿ ಎಷ್ಟು ತಿಂಗಳಾಯಿತು ಎಂಬುದು ಇಲ್ಲ.

ಕಣಗಿನಹಾಳದ ಹೆಸರು ಕೇಳಿರುತ್ತೀರಿ. ಈಗ ಗದಗ ಜಿಲ್ಲೆಯಲ್ಲಿದೆ, ಆಗ ನಮ್ಮ ಧಾರವಾಡ ಜಿಲ್ಲೆಯದೇ ಊರು. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಸಂಘವೆಂದು ಅದಕ್ಕೆ ಹೆಸರು. 1904ರ ಸಹಕಾರ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಇದ್ದದ್ದು ಮಿತಿಯಿಲ್ಲದ ಹೊಣೆ. ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲ ತಮ್ಮ ಮನೆ ಹೊಲದಿಂದ ಜವಾಬುದಾರರು. ಅಂಥ ಹೊಣೆಯನ್ನು ಯಾರಾದರೂ ಯಾಕೆ ಹೊತ್ತಾರು? ಪಕ್ಕದ ಮನೆಯವನ ಬಾಳು ಗೊತ್ತಿದ್ದರೆ ಮಾತ್ರ. ಯಾರು ದುಡಿಯುತ್ತಾನೆ, ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರು ಕೊಟ್ಟ ಮಾತಿಗೆ ನಿಲ್ಲುತ್ತಾನೆ ಎಂಬ ಆ ಅರಿವೇ ಸಂಘದ ಬಂಡವಾಳ. ನಿಮ್ಮ ಸಂಘವೂ ಅದೇ ಬಳ್ಳಿಯ ಕುಡಿ.

ಆದ್ದರಿಂದ ಸಂಜೆ ಹಾಲು ತೆಗೆದುಕೊಂಡು ಮುಗಿದ ಮೇಲೆ ಆ ಹಿರಿಯರ ಮನೆಗೆ ಹೋಗಿ. ರಜಿಸ್ಟರು ಒಯ್ಯಬೇಡಿ, ಜತೆಗೆ ಯಾರನ್ನೂ ಕರೆದೊಯ್ಯಬೇಡಿ. ‘ಅವತ್ತ ಎಲ್ಲಾರ ಮುಂದ ಹಂಗ ಅನಬಾರದಿತ್ರಿ ಯವ್ವಾ, ತಪ್ಪಾತು’ ಎಂದು ಮೊದಲೇ ಹೇಳಿಬಿಡಿ. ‘ಆದರೆ’ ಸೇರಿಸಬೇಡಿ. ಅವರು ಬೈದರೆ ಬೈಸಿಕೊಳ್ಳಿ. ನೋವು ಹೊರಬರಲು ಅದೊಂದೇ ದಾರಿ ಇರಬಹುದು. ಆಮೇಲೆ ಎಮ್ಮೆ ನೋಡಿ, ಕೆಚ್ಚಲು ಬಾತಿದೆಯೇ ಕೇಳಿ. ಮತ್ತೆ ಹಾಲು ಹಾಕಿ ಎಂದು ಆ ದಿನ ಕೇಳಲೇಬೇಡಿ.

ಇನ್ನು ಮುಂದೆ ಯಾರ ಹಾಲು ಡಿಗ್ರಿ ಬರದಿದ್ದರೂ ಸಾಲಿನಲ್ಲಿ ಹೆಸರೆತ್ತದೆ, ಆಮೇಲೆ ಪಕ್ಕಕ್ಕೆ ಕರೆದು ಮಾತಾಡಿ. ಹಾಲು ಮಾತ್ರ ತೆಗೆದುಕೊಳ್ಳಬೇಡಿ. ಇದು ಮೆತ್ತಗಾಗುವುದಲ್ಲ. ಕೊಟ್ಟಿಗೆ ಕಂಡವರಿಗೆ ನಿಜವಾಗಿ ನೀರು ಬೆರೆಸಿದವರು ಯಾರೆಂಬುದೂ ಬೇಗ ತಿಳಿಯುತ್ತದೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪಶುವೈದ್ಯರನ್ನು ಊರಿಗೆ ಕರೆಸುವ ಮಾತೆತ್ತಿ, ಸಂಘ ಬಿಟ್ಟವರ ಎಮ್ಮೆಗಳನ್ನೂ ತೋರಿಸಲು ಹೇಳಿಕಳಿಸಿ.