ಮಾತ್ರೆ ಕೊಳ್ಳುವಾಗ ಬ್ಯಾಚ್ ನಂಬರ್ ಮರೆಯಬೇಡಿ

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ, ಅವರಿಗೆ ಡ್ರಿಪ್‌ನಲ್ಲಿ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಇಡೀ ರಾಜ್ಯದಲ್ಲಿ ಪ್ರಶ್ನೆ ಎದ್ದಿತು. ಯಾವುದೇ ಔಷಧದ ಪರೀಕ್ಷೆ, ಮಾರಾಟ ತಡೆ, ವಾಪಸಾತಿ ಎಲ್ಲವೂ ನಡೆಯುವುದು ಬ್ಯಾಚ್ ನಂಬರ್ ಹಿಡಿದುಕೊಂಡೇ. ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿಂದಲೋ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಯಿಂದಲೋ ಚೀಟಿ ಹಿಡಿದು ಮೆಡಿಕಲ್ ಸ್ಟೋರ್‌ಗೆ ಹೋಗುವವರು ಆ ನಂಬರನ್ನೂ ಮನೆಗೆ ತರಬೇಕು. ಅದಕ್ಕೆ ಹೀಗೆ ಮಾಡಿ.

1. ಲೈಸೆನ್ಸ್, ಫಾರ್ಮಸಿಸ್ಟ್ ಎರಡನ್ನೂ ನೋಡಿ

ಔಷಧ ಮಾರಾಟದ ಲೈಸೆನ್ಸ್ ಗಿರಾಕಿಗಳ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಚಿಲ್ಲರೆ ಅಂಗಡಿಗೆ ಸಾಮಾನ್ಯವಾಗಿ ಫಾರಂ 20 ಮತ್ತು 21ರ ಲೈಸೆನ್ಸ್ ಇರುತ್ತದೆ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಡಾಕ್ಟರ್ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ‘ಫಾರ್ಮಸಿಸ್ಟ್ ಇದ್ದಾರಾ?’ ಎಂದು ಕೇಳಲು ಸಂಕೋಚ ಬೇಡ.

2. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳಬೇಡಿ

ಕೆಲವು ಪ್ರಬಲ ಆಂಟಿಬಯಾಟಿಕ್, ಕ್ಷಯರೋಗದ ಔಷಧ ಮತ್ತು ನಿದ್ದೆ ತರಿಸುವ ಮಾತ್ರೆಗಳು 2014ರ ಮಾರ್ಚ್ 1ರಿಂದ ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿವೆ. ಇವನ್ನು ಮಾರಿದಾಗ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ಅಂಗಡಿಯವರು ಹೆಸರು ಕೇಳಿದರೆ ಬೇಸರಿಸಬೇಡಿ. ಅವರು ನಿಯಮ ಪಾಲಿಸುತ್ತಿದ್ದಾರೆ. ‘ಅದು ಇಲ್ಲ, ಇದೂ ಅದೇ’ ಎಂದು ಬೇರೆ ಬ್ರ್ಯಾಂಡ್ ಕೊಟ್ಟರೆ ಮಾತ್ರ ಒಪ್ಪಬೇಡಿ. ಚೀಟಿಗೆ ಮಾತ್ರ ಮಾರಬೇಕಾದ ಶೆಡ್ಯೂಲ್ ಎಚ್ ಔಷಧವನ್ನು ಹಾಗೆ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳುವ ಇರಾದೆಯಿದ್ದರೆ, ಜೆನೆರಿಕ್ ಹೆಸರನ್ನೇ ಬರೆದುಕೊಡಿ ಎಂದು ಡಾಕ್ಟರನ್ನು ಮೊದಲೇ ಕೇಳಿ.

3. ಶೀಟ್ ಕತ್ತರಿಸುವ ಮುಂಚೆ ಓದಿ

ಹತ್ತು ಮಾತ್ರೆಯ ಶೀಟಿನಿಂದ ನಾಲ್ಕು ಕೊಂಡಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡಬಹುದು. ಕತ್ತರಿಸುವ ಮೊದಲೇ ಆ ಭಾಗದ ಫೋಟೋ ತೆಗೆದುಕೊಳ್ಳಿ. ಎಕ್ಸ್‌ಪೈರಿಯಲ್ಲಿ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಡೋಲೋ, ಥೈರೋನಾರ್ಮ್ ಸೇರಿದಂತೆ 300 ಬ್ರ್ಯಾಂಡ್‌ಗಳಿಗೆ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ನಂಬರ್ ಮತ್ತು ತಾರೀಕುಗಳು ಮೇಲೆ ಮುದ್ರಿಸಿದವುಗಳಿಗೆ ತಾಳೆಯಾಗಬೇಕು.

4. ಬಿಲ್ ಪಡೆಯದೆ ಹೊರಡಬೇಡಿ

ಚೀಟಿಗೆ ಕೊಟ್ಟ ಔಷಧದ ಬಿಲ್ಲಿನಲ್ಲಿ ಔಷಧದ ಹೆಸರು, ತಯಾರಕರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಫಾರ್ಮಸಿಸ್ಟ್ ಸಹಿ ಇವೆಯೇ ನೋಡಿ. ಬಿಲ್ಲಿನ ಬ್ಯಾಚ್ ನಂಬರ್, ಶೀಟಿನದು ಒಂದೇ ಆಗಿರಬೇಕು. ಪರೀಕ್ಷೆಯಲ್ಲಿ ಸೋತ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಬ್ಯಾಚ್ ನಂಬರ್ ಸಮೇತ ಪ್ರಕಟಿಸುತ್ತದೆ. ನಿಮ್ಮ ಬಳಿ ಬಿಲ್ಲಾಗಲಿ ಶೀಟಿನ ಫೋಟೋ ಆಗಲಿ ಇಲ್ಲದಿದ್ದರೆ, ನೀವು ನುಂಗಿದ್ದು ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

5. ಇನ್ಸುಲಿನ್ ಕೊನೆಗೆ ಕೊಳ್ಳಿ

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಅಂಗಡಿಯವರು ಅದನ್ನು ಫ್ರಿಜ್‌ನಿಂದಲೇ ತೆಗೆದುಕೊಡುತ್ತಾರೆಯೇ ಗಮನಿಸಿ. ಕರೆಂಟ್ ಹೋದರೆ ಏನು ವ್ಯವಸ್ಥೆ ಎಂದೂ ವಿಚಾರಿಸಿ. ಶಿವಾಜಿನಗರದಲ್ಲಿ ಕೊಂಡು ಕೆ.ಆರ್. ಪುರಕ್ಕೆ ಬಸ್ಸಿನಲ್ಲಿ ಹೋಗುವವರು ಟಿನ್ ಫ್ಯಾಕ್ಟರಿ ಬಳಿ ಎಷ್ಟು ಹೊತ್ತು ನಿಲ್ಲಬೇಕಾದೀತೋ ಹೇಳಲಾಗದು. ಏಪ್ರಿಲ್ ಬಿಸಿಲಲ್ಲಂತೂ ಐಸ್ ಪ್ಯಾಕ್ ಹಾಕಿದ ಚೀಲ ಬೇಕೇ ಬೇಕು. ಸಾಧ್ಯವಾದರೆ ಮನೆ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ. ಐಸ್ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಲೇಬಾರದು.

6. ನಿಮ್ಮ ಭಾಷೆಯಲ್ಲಿ ಹೇಳಿಸಿಕೊಳ್ಳಿ

ಹಲಸೂರು, ಶಿವಾಜಿನಗರದಲ್ಲಿ ಕನ್ನಡದ ಜೊತೆ ತಮಿಳು, ಉರ್ದು, ತೆಲುಗು ಮನೆಮಾತಿನವರೂ ಇದ್ದಾರೆ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ ಎಂಬುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳಿ, ತಿರುಗಿ ನೀವೇ ಹೇಳಿ ತೋರಿಸಿ. ಅಲರ್ಜಿ, ಗರ್ಭ, ಬೇರೆ ಮಾತ್ರೆಗಳ ವಿಷಯ ಮುಚ್ಚಿಡಬೇಡಿ. ಮಕ್ಕಳ ಸಿರಪ್ಪಿಗೆ ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆಗಿರುವ ಅಳತೆ ಮುಚ್ಚಳ ಬಳಸಿ.

7. ಅನುಮಾನ ಬಂದರೆ ಎಸೆಯಬೇಡಿ

ಮಾತ್ರೆಯ ಬಣ್ಣ ಬದಲಾಗಿದ್ದರೆ, ಪುಡಿಯಾಗಿದ್ದರೆ, ಸಿರಪ್ಪಿನ ಸೀಲ್ ಒಡೆದಿದ್ದರೆ ಬಳಸಬೇಡಿ. ಡಾಕ್ಟರಿಗೆ ತಿಳಿಸಿ ಬದಲಿ ಪಡೆಯಿರಿ. ಉಳಿದ ಔಷಧ, ಶೀಟ್, ಬಿಲ್ ಮೂರನ್ನೂ ಒಂದು ಕವರಿನಲ್ಲಿ ಹಾಕಿ ಅರಮನೆ ರಸ್ತೆಯ ಔಷಧ ನಿಯಂತ್ರಣ ಕಚೇರಿಗೆ ಲಿಖಿತ ದೂರು ಕೊಡಿ. ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಖರೀದಿದಾರರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಔಷಧ ಪರೀಕ್ಷೆ ಮಾಡಿಸಬಹುದು. ಅಡ್ಡಪರಿಣಾಮವಾದರೆ ಮೊದಲು ಡಾಕ್ಟರನ್ನು ಕಾಣಿ, ನಂತರ 1800-180-3024ಕ್ಕೆ ವರದಿ ಮಾಡಿ. ಎಂಆರ್‌ಪಿಗಿಂತ ಹೆಚ್ಚು ಬೆಲೆ ಕೇಳಿದರೆ 1800-111-255ಕ್ಕೆ ಕರೆ ಮಾಡಿ. ಎರಡೂ ಉಚಿತ.

ಅಂಗಡಿಗಳ ಮೇಲೆ ಕಣ್ಣಿಡಲು ಇನ್‌ಸ್ಪೆಕ್ಟರುಗಳಿದ್ದಾರೆ. ಆದರೆ ನಿಮ್ಮ ಮನೆಗೆ ಬಂದ ಶೀಟನ್ನು ನೋಡುವವರು ನೀವೊಬ್ಬರೇ. ನೀವು ಬಿಲ್ ಇಟ್ಟು ಕೊಟ್ಟ ಒಂದು ದೂರಿನಿಂದ ಅದೇ ಬ್ಯಾಚಿನ ಔಷಧ ಕೊಂಡ ಬೇರೆ ಮನೆಗಳೂ ಪಾರಾಗಬಹುದು.